ಅಗ್ಗದ ಸ್ಟ್ರೀಮಿಂಗ್ ಸ್ಟಿಕ್, ಜಾಹೀರಾತಿಲ್ಲದ ಪರದೆ: ಎರಡೂ ಒಟ್ಟಿಗೆ ಸಿಗುವುದು ಹೇಗೆ?

ಟಿವಿ ಆನ್ ಮಾಡಿ ಸೋಫಾದಲ್ಲಿ ಕೂರುವಷ್ಟರಲ್ಲಿ ಪರದೆಯ ಮೇಲ್ಭಾಗದಲ್ಲಿ ಯಾವುದೋ ಸಿನಿಮಾದ ಟ್ರೇಲರ್ ತಾನಾಗಿ ಓಡತೊಡಗುತ್ತದೆ. ಅದನ್ನು ದಾಟಿ ಯೂಟ್ಯೂಬ್‌ಗೆ ಹೋದರೆ ವಿಡಿಯೊಗೆ ಮೊದಲು ಎರಡು ಜಾಹೀರಾತು. ವಿಡಿಯೊ ಶುರುವಾದ ಮೇಲೆ ನಿರೂಪಕರೇ ನಡುವೆ ನಿಲ್ಲಿಸಿ ಒಂದು ಆ್ಯಪ್‌ನ ಗುಣಗಾನ ಮಾಡುತ್ತಾರೆ. ಇಷ್ಟಕ್ಕೆ ಬೇಸತ್ತವರು ಅಂಗಡಿಯಲ್ಲಿ ಕೇಳುವ ಪ್ರಶ್ನೆ ಒಂದೇ: ಐದಾರು ಸಾವಿರದೊಳಗೆ ಜಾಹೀರಾತಿಲ್ಲದ ಸ್ಟಿಕ್ ಯಾವುದಿದೆ?

ಪೆಟ್ಟಿಗೆಯಿಂದ ತೆಗೆದು ಟಿವಿಗೆ ಸಿಕ್ಕಿಸಿದ ಕೂಡಲೇ ಜಾಹೀರಾತಿಲ್ಲದ ಹೋಮ್ ಸ್ಕ್ರೀನ್ ಕೊಡುವ, ಎಲ್ಲ ಒಟಿಟಿಗಳನ್ನೂ ಪೂರ್ತಿ ಸ್ಪಷ್ಟತೆಯಲ್ಲಿ ಓಡಿಸುವ ದೊಡ್ಡ ಕಂಪನಿಯ ಸಾಧನ ಆ ಬೆಲೆಗೆ ಸಿಗುವುದಿಲ್ಲ. ಆದರೆ ಅದೇ ಬೆಲೆಯ ಕೆಲವು ಸಾಧನಗಳನ್ನು ಅರ್ಧ ಗಂಟೆ ಕೂತು ಪಳಗಿಸಬಹುದು. ಇನ್ನು ಕೆಲವು ಎಷ್ಟು ಮಾಡಿದರೂ ಪಳಗುವುದಿಲ್ಲ. ಕೊಳ್ಳುವ ಮುನ್ನ ಪ್ರೊಸೆಸರ್, ಡಾಲ್ಬಿ ಎಂದೆಲ್ಲ ನೋಡುವುದಕ್ಕಿಂತ ಮೊದಲು ಈ ವ್ಯತ್ಯಾಸ ನೋಡಬೇಕು. ಹೋಮ್ ಸ್ಕ್ರೀನ್ ಯಾರ ಕೈಯಲ್ಲಿದೆ? ಅದನ್ನು ನಿಮ್ಮ ಕೈಗೆ ತೆಗೆದುಕೊಳ್ಳಲು ದಾರಿ ಇದೆಯೇ?

ಜಾಹೀರಾತು ಬರುವ ನಾಲ್ಕು ಬಾಗಿಲು

ಮೊದಲನೆಯದು ಟಿವಿಯ ಸ್ವಂತ ಸಾಫ್ಟ್‌ವೇರ್. ಎರಡನೆಯದು ಸ್ಟಿಕ್ ಅಥವಾ ಬಾಕ್ಸ್‌ನ ಹೋಮ್ ಸ್ಕ್ರೀನ್. ಮೂರನೆಯದು ಒಟಿಟಿ ಆ್ಯಪ್. ನಾಲ್ಕನೆಯದು ಕಾರ್ಯಕ್ರಮದೊಳಗೇ ಬೆರೆತು ಬರುವ ಪ್ರಾಯೋಜಿತ ಮಾತು. ಸಾಧನ ಬದಲಿಸಿದರೆ ಮುಚ್ಚುವುದು ಎರಡನೆಯ ಬಾಗಿಲು ಮಾತ್ರ. ಮೊದಲನೆಯದನ್ನು ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಮುಚ್ಚಬೇಕು. ಮೂರನೆಯದಕ್ಕೆ ಚಂದಾ ಕಟ್ಟಬೇಕು. ನಾಲ್ಕನೆಯದಕ್ಕೆ ರಿಮೋಟ್‌ನ ಮುಂದೋಡಿಸುವ ಗುಂಡಿಯೊಂದೇ ಮದ್ದು.

ಇದನ್ನು ಬಿಡಿಸಿ ನೋಡದೆ ಹದಿನೈದು ಸಾವಿರದ ಸಾಧನ ತಂದವರೂ ನಿರಾಸೆ ಪಡುತ್ತಾರೆ. ಪ್ರೈಮ್ ವಿಡಿಯೊ ಭಾರತದಲ್ಲಿ 2025ರ ಜೂನ್ 17ರಿಂದ ಸದಸ್ಯರಿಗೂ ಜಾಹೀರಾತು ತೋರಿಸುತ್ತಿದೆ. ಅದು ಬೇಡವೆಂದರೆ ಸದಸ್ಯತ್ವದ ಮೇಲೆ ತಿಂಗಳಿಗೆ 129 ಅಥವಾ ವರ್ಷಕ್ಕೆ 699 ರೂಪಾಯಿ ಹೆಚ್ಚುವರಿ ಕಟ್ಟಬೇಕೆಂದು ಆಗ ನಿಗದಿಯಾಯಿತು. ಜಿಯೊಹಾಟ್‌ಸ್ಟಾರ್‌ನಲ್ಲಿ ಪ್ರೀಮಿಯಂ ಚಂದಾ ಇದ್ದರೂ ಕ್ರಿಕೆಟ್ ನೇರ ಪ್ರಸಾರದಲ್ಲಿ ಓವರ್‌ಗಳ ನಡುವಿನ ಜಾಹೀರಾತು ಬಂದೇ ಬರುತ್ತದೆ. ಅದು ಪ್ರಸಾರದ ಭಾಗವಾಗಿಯೇ ಬರುವಂಥದ್ದು, ಯಾವ ಬಾಕ್ಸ್‌ನಿಂದಲೂ ತಡೆಯಲಾಗದು. ಯೂಟ್ಯೂಬ್ ಪ್ರೀಮಿಯಂ 2024ರ ಆಗಸ್ಟ್‌ನಲ್ಲಿ ತಿಂಗಳಿಗೆ 149 ರೂಪಾಯಿಗೆ, ವರ್ಷಕ್ಕೆ 1,490ಕ್ಕೆ ಏರಿತು.

ಈ ದರಗಳನ್ನೇ ಹಿಡಿದು ಲೆಕ್ಕ ಹಾಕಿ. ಯೂಟ್ಯೂಬ್ ಮತ್ತು ಪ್ರೈಮ್ ಎರಡರಲ್ಲೂ ಜಾಹೀರಾತು ತೆಗೆಸಲು ವರ್ಷಕ್ಕೆ 2,189 ರೂಪಾಯಿ, ಮೂರು ವರ್ಷಕ್ಕೆ 6,567. ಅಂದರೆ ಸ್ಟಿಕ್‌ನ ಬೆಲೆಗಿಂತ ಹೆಚ್ಚು. ಬಜೆಟ್ ಹತ್ತು ಸಾವಿರ ಇದ್ದರೆ ಅಷ್ಟನ್ನೂ ಸಾಧನಕ್ಕೆ ಸುರಿಯದೆ ಐದು ಸಾವಿರದ ಸಾಧನ ಕೊಂಡು, ಉಳಿದದ್ದನ್ನು ಮನೆಯವರು ದಿನವೂ ನೋಡುವ ಒಂದು ಆ್ಯಪ್‌ನ ಚಂದಾಕ್ಕೆ ಎತ್ತಿಡುವುದು ಜಾಣತನ. ಬಹುಪಾಲು ಮನೆಗಳಲ್ಲಿ ಆ ಆ್ಯಪ್ ಯೂಟ್ಯೂಬೇ ಆಗಿರುತ್ತದೆ. ಅಡುಗೆ, ಯಕ್ಷಗಾನ, ಹಳೆಯ ಸಿನಿಮಾ, ಮಕ್ಕಳ ಹಾಡು ಎಲ್ಲಕ್ಕೂ ಅದೇ ಆಸರೆ. ಪ್ರೀಮಿಯಂ ಹಣದ ಒಂದು ಪಾಲು ನಾವು ನೋಡಿದ ಚಾನೆಲ್‌ಗಳಿಗೂ ಹೋಗುತ್ತದೆ ಎನ್ನುವುದನ್ನು ಮರೆಯಬಾರದು.

ನೆಟ್‌ಫ್ಲಿಕ್ಸ್ ಭಾರತದಲ್ಲಿ ಜಾಹೀರಾತಿನ ಅಗ್ಗದ ಪ್ಲಾನನ್ನು ತಂದಿಲ್ಲ. ಆದರೆ ಅದರ 149 ರೂಪಾಯಿಯ ಮೊಬೈಲ್ ಪ್ಲಾನ್ ಟಿವಿಯಲ್ಲಿ ಓಡುವುದಿಲ್ಲ. ಹೊಸ ಸ್ಟಿಕ್ ತಂದು ಸಿಕ್ಕಿಸಿದ ದಿನ ‘ಸ್ಟಿಕ್ ಕೆಟ್ಟಿದೆ’ ಎಂದು ಅಂಗಡಿಗೆ ಓಡುವವರಲ್ಲಿ ಈ ಪ್ಲಾನಿನವರೂ ಇರುತ್ತಾರೆ.

ಅಗ್ಗ ಯಾಕೆ ಅಗ್ಗ

ಸ್ಟ್ರೀಮಿಂಗ್ ಸ್ಟಿಕ್ ಮಾರುವ ಅಮೆರಿಕದ ರೋಕು ಕಂಪನಿಯ ಲೆಕ್ಕಪತ್ರ ನೋಡಿದರೆ ಈ ವ್ಯಾಪಾರ ಬಿಚ್ಚಿಕೊಳ್ಳುತ್ತದೆ. ಅದರ ಆದಾಯದ ಸಿಂಹಪಾಲು ಬರುವುದು ಜಾಹೀರಾತು ಮತ್ತು ಚಂದಾ ಹಂಚಿಕೆಯಿಂದ. ಸಾಧನ ಮಾರಾಟದ ವಿಭಾಗ ಇತ್ತೀಚಿನ ವರ್ಷಗಳಲ್ಲಿ ನಷ್ಟದಲ್ಲೇ ನಡೆದಿದೆ. ಸ್ಟಿಕ್ ಮಾರುವುದು ಪರದೆಯಲ್ಲಿ ಜಾಗ ಹಿಡಿಯಲು. ವಾಲ್‌ಮಾರ್ಟ್ 20 ಡಾಲರ್‌ಗೆ ‘ಆನ್’ ಹೆಸರಿನ ಗೂಗಲ್ ಟಿವಿ ಬಾಕ್ಸ್ ಮಾರಿತು. ಅದೇ ವಾಲ್‌ಮಾರ್ಟ್ 2024ರಲ್ಲಿ 230 ಕೋಟಿ ಡಾಲರ್ ಕೊಟ್ಟು ವಿಝಿಯೊ ಎಂಬ ಟಿವಿ ಕಂಪನಿಯನ್ನು ಕೊಂಡಿತು. ಅದು ಕಣ್ಣಿಟ್ಟದ್ದು ವಿಝಿಯೊದ ಜಾಹೀರಾತು ವಹಿವಾಟಿನ ಮೇಲೆ. ಡಲ್ಲಾಸ್‌ನಲ್ಲೋ ಸ್ಯಾನ್ ಹೊಸೆಯಲ್ಲೋ ಇರುವ ಕನ್ನಡಿಗರಿಗೆ ಆ ಬಾಕ್ಸ್ ಒಳ್ಳೆಯ ಆಯ್ಕೆಯೇ. ಆದರೆ ಮುಂದೆ ಹೇಳುವ ಪಳಗಿಸುವ ಕೆಲಸ ಅದಕ್ಕೂ ಬೇಕು.

ದುಬಾರಿ ಸಾಧನ ಕೊಂಡರೆ ಈ ಕಾಟ ತಪ್ಪುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಎನ್‌ವಿಡಿಯಾದ ಶೀಲ್ಡ್ ಟಿವಿ ಪ್ರೊ ಅಮೆರಿಕದಲ್ಲಿ 199 ಡಾಲರ್‌ನ ಸಾಧನ. 2021ರಲ್ಲಿ ಗೂಗಲ್ ಆಂಡ್ರಾಯ್ಡ್ ಟಿವಿಯ ಹೋಮ್ ಸ್ಕ್ರೀನ್ ಬದಲಿಸಿದಾಗ ಎರಡು ವರ್ಷ ಯಾವ ತೊಂದರೆಯೂ ಇಲ್ಲದೆ ಬಳಸಿದವರ ಶೀಲ್ಡ್‌ನಲ್ಲೂ ದೊಡ್ಡ ಪ್ರಚಾರ ಪಟ್ಟಿ ಬಂದು ಕೂತಿತು. ಅಮೆಜಾನ್ 2023ರ ನವೆಂಬರ್‌ನಲ್ಲಿ, ಫೈರ್ ಟಿವಿ ಆನ್ ಆದ ಕೂಡಲೇ ಪೂರ್ತಿ ಪರದೆಯಲ್ಲಿ ತಾನಾಗಿ ಓಡುವ ವಿಡಿಯೊ ಜಾಹೀರಾತನ್ನು ತಂದಿತು. ಕೊಂಡ ದಿನ ಇಲ್ಲದ್ದು ಅಪ್‌ಡೇಟ್‌ನಲ್ಲಿ ಬರಬಹುದು. ಆದ್ದರಿಂದ ‘ಈಗ ಜಾಹೀರಾತಿಲ್ಲ’ ಎಂಬ ಮಾತಿಗಿಂತ ‘ಬಂದರೆ ತೆಗೆಯಲು ದಾರಿ ಇದೆ’ ಎಂಬುದು ಬೆಲೆಬಾಳುವ ಗುಣ.

ಯಾವುದನ್ನು ಕೊಳ್ಳಬಹುದು

ಫೈರ್ ಟಿವಿ ಸ್ಟಿಕ್ ಎಲ್ಲೆಡೆ ಸಿಗುತ್ತದೆ. ರಿಮೋಟ್ ಚೆನ್ನಾಗಿದೆ, ಹಬ್ಬದ ಮಾರಾಟದಲ್ಲಿ ಬೆಲೆಯೂ ಇಳಿಯುತ್ತದೆ. ಆದರೆ ಹೋಮ್ ಸ್ಕ್ರೀನ್ ಪಳಗಿಸುವ ವಿಷಯದಲ್ಲಿ ಇದೇ ಎಲ್ಲಕ್ಕಿಂತ ಹಟಮಾರಿ. ಬೇರೆ ಲಾಂಚರ್, ಅಂದರೆ ಬೇರೆ ಹೋಮ್ ಸ್ಕ್ರೀನ್ ಆ್ಯಪ್, ಹಾಕುವ ದಾರಿಗಳನ್ನು ಅಮೆಜಾನ್ ಅಪ್‌ಡೇಟ್‌ಗಳ ಮೂಲಕ ಒಂದೊಂದಾಗಿ ಮುಚ್ಚುತ್ತ ಬಂದಿದೆ. 2025ರಲ್ಲಿ ಬಂದ ‘4ಕೆ ಸೆಲೆಕ್ಟ್’ ಮಾದರಿಯಲ್ಲಿ ಆಂಡ್ರಾಯ್ಡೇ ಇಲ್ಲ. ಅದು ‘ವೇಗಾ’ ಎಂಬ ಅಮೆಜಾನ್‌ನ ಸ್ವಂತ ವ್ಯವಸ್ಥೆ, ಆಂಡ್ರಾಯ್ಡ್ ಆ್ಯಪ್‌ಗಳನ್ನು ಹೊರಗಿನಿಂದ ತಂದು ಹಾಕಲು ಬಿಡುವುದಿಲ್ಲ. ಅಂಗಡಿಯಲ್ಲಿ ಹೊಸದು, ಹಳೆಯದಕ್ಕಿಂತ ಮೇಲು ಎಂದು ಮಾರುವವರು ಇದನ್ನು ಹೇಳುವುದಿಲ್ಲ.

ಈಗಾಗಲೇ ಫೈರ್ ಸ್ಟಿಕ್ ಇರುವವರು ಅದನ್ನು ಎಸೆಯಬೇಕಿಲ್ಲ, ಗಲಾಟೆ ಕಡಿಮೆ ಮಾಡಬಹುದು. ಸೆಟ್ಟಿಂಗ್ಸ್‌ನಲ್ಲಿ ‘ಪ್ರಿಫರೆನ್ಸಸ್’ಗೆ ಹೋಗಿ ‘ಫೀಚರ್ಡ್ ಕಂಟೆಂಟ್’ ತೆರೆದು ವಿಡಿಯೊ ಆಟೊಪ್ಲೇ, ಆಡಿಯೊ ಆಟೊಪ್ಲೇ ಎರಡನ್ನೂ ಆಫ್ ಮಾಡಿ. ಅದೇ ‘ಪ್ರಿಫರೆನ್ಸಸ್’ನ ‘ಪ್ರೈವಸಿ ಸೆಟ್ಟಿಂಗ್ಸ್’ನಲ್ಲಿ ಸಾಧನ ಬಳಕೆಯ ಮಾಹಿತಿ, ಆ್ಯಪ್ ಬಳಕೆಯ ಮಾಹಿತಿ, ಆಸಕ್ತಿ ಆಧರಿಸಿದ ಜಾಹೀರಾತು ಎಂಬ ಮೂರು ಗುಂಡಿಗಳಿವೆ, ಮೂರನ್ನೂ ಆರಿಸಿ. ಓಡುತ್ತಿದ್ದ ಪ್ರಚಾರ ಸ್ತಬ್ಧ ಚಿತ್ರವಾಗುತ್ತದೆ, ಸದ್ದು ನಿಲ್ಲುತ್ತದೆ. ಚಿತ್ರ ಮಾತ್ರ ಉಳಿಯುತ್ತದೆ.

ಗೂಗಲ್ ಟಿವಿ ಅಥವಾ ಆಂಡ್ರಾಯ್ಡ್ ಟಿವಿ ಇರುವ ಸ್ಟಿಕ್‌ಗಳಲ್ಲೂ ಪ್ರಚಾರ ಇದ್ದೇ ಇದೆ. ಆದರೆ ಇಲ್ಲಿ ಬಾಗಿಲು ತೆರೆದಿದೆ. ಗೂಗಲ್ ತನ್ನದೇ ಸ್ಟ್ರೀಮಿಂಗ್ ಸಾಧನವಾದ ಕ್ರೋಮ್‌ಕಾಸ್ಟ್‌ನ ತಯಾರಿಕೆಯನ್ನು 2024ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ಉಳಿದ ಸ್ಟಾಕ್ ದುಬಾರಿ ಬೆಲೆಗೆ ಸಿಕ್ಕರೆ ಕೊಳ್ಳಬೇಡಿ. ಶಿಯೋಮಿಯ 4ಕೆ ಸ್ಟಿಕ್ 4,999 ರೂಪಾಯಿಗೆ ಬಂದಿತ್ತು, ಈ ಗುಂಪಿನಲ್ಲಿ ಬೇರೆ ಕಂಪನಿಗಳ ಬಾಕ್ಸ್‌ಗಳೂ ಇವೆ. ಹೆಸರಿಗಿಂತ ನೋಡಬೇಕಾದ್ದು ಮೂರು: ಗೂಗಲ್‌ನ ಅಧಿಕೃತ ಮನ್ನಣೆ, 2 ಜಿಬಿ ರ‍್ಯಾಮ್, ನೆಟ್‌ಫ್ಲಿಕ್ಸ್ ಮೊದಲೇ ಹಾಕಿ ಬಂದಿರುವುದು. 1 ಜಿಬಿ ರ‍್ಯಾಮ್‌ನ ಸ್ಟಿಕ್‌ಗಳು ಬೇರೆ ಲಾಂಚರ್ ಹಾಕಿದರೆ ಏದುಸಿರು ಬಿಡುತ್ತವೆ. 8 ಜಿಬಿ ಸ್ಟೋರೇಜ್ ಎಂದು ಬರೆದಿದ್ದರೆ ಕೈಗೆ ಸಿಗುವುದು ಐದು ಜಿಬಿ ಆಸುಪಾಸು. ಐದಾರು ಒಟಿಟಿ ಆ್ಯಪ್ ಹಾಕಿ ಅವುಗಳ ಕ್ಯಾಶೆ (ತಾತ್ಕಾಲಿಕವಾಗಿ ಕೂಡಿಡುವ ಕಡತಗಳು) ಬೆಳೆದರೆ ಅಪ್‌ಡೇಟ್‌ಗೂ ಜಾಗ ಇರುವುದಿಲ್ಲ.

ಆಪಲ್ ಟಿವಿ 4ಕೆಯ 2022ರ ಮಾದರಿ ಭಾರತದಲ್ಲಿ 14,900 ರೂಪಾಯಿಗೆ ಬಿಡುಗಡೆಯಾಯಿತು. ಮನೆಯಲ್ಲಿ ಯಾರಿಗೂ ಸೆಟ್ಟಿಂಗ್ಸ್ ಜತೆ ಗುದ್ದಾಡುವ ಪುರುಸೊತ್ತಿಲ್ಲದಿದ್ದರೆ, ಹಣವೂ ಇದ್ದರೆ, ನೆಮ್ಮದಿ ಇದರಲ್ಲಿದೆ. ಹೋಮ್ ಸ್ಕ್ರೀನ್ ಎಂದರೆ ಆ್ಯಪ್‌ಗಳ ಸಾಲು, ಅಷ್ಟೆ. ಒಂದು ಚಿಕ್ಕ ಕೆಲಸ ಮಾತ್ರ ಮಾಡಬೇಕು. ಮೇಲಿನ ಮೊದಲ ಸಾಲಿನಲ್ಲಿ ಯಾವ ಆ್ಯಪ್ ಮೇಲೆ ನಿಲ್ಲುತ್ತೀರೋ ಅದರ ಪ್ರಚಾರ ಚಿತ್ರ ಹಿಂದೆ ಮೂಡುತ್ತದೆ. ಕಂಪನಿಯ ಸ್ವಂತ ‘ಟಿವಿ’ ಆ್ಯಪ್ ಆ ಸಾಲಿನಲ್ಲಿದ್ದರೆ ಅದರ ಧಾರಾವಾಹಿಗಳ ಪ್ರಚಾರವೇ ಕಾಣುತ್ತದೆ. ಆ ಐಕಾನನ್ನು ಒತ್ತಿ ಹಿಡಿದು ಕೆಳಗಿನ ಸಾಲಿಗೆ ಇಳಿಸಿದರೆ ಮುಗಿಯಿತು.

ಫೈಬರ್ ಸಂಪರ್ಕದ ಜತೆ ಕೊಡುವ ಬಾಕ್ಸ್ ಪುಕ್ಕಟೆ ಎನಿಸುತ್ತದೆ. ಆದರೆ ಅದರ ಹೋಮ್ ಸ್ಕ್ರೀನ್ ಸೇವಾದಾರರದು, ತನ್ನ ಪ್ಯಾಕ್‌ಗಳನ್ನು ಮಾರಲು ಮಾಡಿದ್ದು. ಸಂಪರ್ಕ ಬಿಟ್ಟರೆ ಹಿಂದಿರುಗಿಸಬೇಕಾಗಬಹುದು. ಎರಡನೇ ಟಿವಿಗೆ ಇಟ್ಟುಕೊಳ್ಳಿ, ಅದನ್ನೇ ನಂಬಬೇಡಿ.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಾಲಾಗಿ ಕಾಣುವ, ಆನ್‌ಲೈನ್‌ನಲ್ಲೂ ಎರಡು ಮೂರು ಸಾವಿರಕ್ಕೆ ಸಿಗುವ ಹೆಸರಿಲ್ಲದ ‘8ಕೆ ಆಂಡ್ರಾಯ್ಡ್ ಬಾಕ್ಸ್’ಗಳ ವಿಷಯ ಬೇರೆಯೇ. ಇವುಗಳಲ್ಲಿ ಬಹಳಷ್ಟು ಮೊಬೈಲ್‌ನ ಆಂಡ್ರಾಯ್ಡನ್ನು ಗೂಗಲ್‌ನ ಮನ್ನಣೆಯಿಲ್ಲದೆ ತುಂಬಿದವು. ಹೋಮ್ ಸ್ಕ್ರೀನ್ ಖಾಲಿಯಾಗಿ, ಚೊಕ್ಕಟವಾಗಿ ಕಾಣುತ್ತದೆ. ಅದನ್ನೇ ಜಾಹೀರಾತಿಲ್ಲದ ಬಾಕ್ಸ್ ಎಂದು ತಿಳಿದು ಕೊಳ್ಳುವವರಿದ್ದಾರೆ. 2023ರ ಜನವರಿಯಲ್ಲಿ ಟಿ95 ಎಂಬ ಇಂಥದೇ ಬಾಕ್ಸ್‌ನಲ್ಲಿ ಕಾರ್ಖಾನೆಯಿಂದಲೇ ಕುತಂತ್ರಾಂಶ ಇರುವುದು ಬಯಲಾಯಿತು. ಅದೇ ವರ್ಷ ‘ಬ್ಯಾಡ್‌ಬಾಕ್ಸ್’ ಹೆಸರಿನಲ್ಲಿ ಇಡೀ ಜಾಲ ಪತ್ತೆಯಾಯಿತು. 2024ರ ಡಿಸೆಂಬರ್‌ನಲ್ಲಿ ಜರ್ಮನಿಯ ಸೈಬರ್ ಸುರಕ್ಷತಾ ಸಂಸ್ಥೆ ಸುಮಾರು 30,000 ಸಾಧನಗಳ ಸಂಪರ್ಕ ಕಡಿದುಹಾಕಿತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು, ಜುಲೈನಲ್ಲಿ ಗೂಗಲ್ ನ್ಯೂಯಾರ್ಕ್‌ನ ನ್ಯಾಯಾಲಯದಲ್ಲಿ ದಾವೆ ಹೂಡಿತು. ಸಿಕ್ಕಿಬಿದ್ದ ಸಾಧನಗಳು ಒಂದು ಕೋಟಿಗೂ ಹೆಚ್ಚು ಎಂದು ಅದು ಹೇಳಿತು. ಈ ಬಾಕ್ಸ್‌ಗಳು ಹಿನ್ನೆಲೆಯಲ್ಲಿ ಜಾಹೀರಾತುಗಳನ್ನು ಕದ್ದು ಕ್ಲಿಕ್ ಮಾಡುತ್ತವೆ. ನಿಮ್ಮ ಮನೆಯ ಇಂಟರ್‌ನೆಟ್ ವಿಳಾಸವನ್ನು ಅಪರಿಚಿತರಿಗೆ ಬಾಡಿಗೆ ಕೊಡುತ್ತವೆ. ಅವರು ಅದರ ಮೂಲಕ ಅಪರಾಧ ಎಸಗಿದರೆ ಪೊಲೀಸರಿಗೆ ಸಿಗುವುದು ನಿಮ್ಮ ವಿಳಾಸ. ಕಣ್ಣಿಗೆ ಕಾಣದ ಜಾಹೀರಾತಿಗಾಗಿ ಇಷ್ಟು ಬೆಲೆ ತೆರಬಾರದು. ಇಂಥ ಬಾಕ್ಸ್ ಮನೆಯಲ್ಲಿದ್ದರೆ ಇಂದೇ ಬಿಚ್ಚಿಡಿ. ರಿಸೆಟ್ ಮಾಡಿದರೂ ಆ ತಂತ್ರಾಂಶ ಹೋಗುವುದಿಲ್ಲ, ಏಕೆಂದರೆ ಅದಿರುವುದು ರಿಸೆಟ್ ಮುಟ್ಟದ ಜಾಗದಲ್ಲಿ.

ಗೂಗಲ್ ಟಿವಿಯನ್ನು ಪಳಗಿಸುವ ಕ್ರಮ

ಮೊದಲು ಸುಲಭದ ದಾರಿ. ಸೆಟ್ಟಿಂಗ್ಸ್ ತೆರೆದು ‘ಅಕೌಂಟ್ಸ್ ಆ್ಯಂಡ್ ಸೈನ್ ಇನ್’ನಲ್ಲಿ ನಿಮ್ಮ ಹೆಸರು ಒತ್ತಿ, ‘ಆ್ಯಪ್ಸ್ ಓನ್ಲಿ ಮೋಡ್’ ಆನ್ ಮಾಡಿ. ಶಿಫಾರಸುಗಳ ಉದ್ದುದ್ದ ಸಾಲುಗಳೆಲ್ಲ ಹೋಗಿ ಆ್ಯಪ್‌ಗಳ ಸಾಲು ಉಳಿಯುತ್ತದೆ. ಇದಕ್ಕೆ ಬದಲಾಗಿ ವಾಚ್‌ಲಿಸ್ಟ್ ಮತ್ತು ಧ್ವನಿ ಸಹಾಯಕ ಕೈಬಿಡುತ್ತವೆ. ಮೇಲ್ಭಾಗದ ಒಂದು ದೊಡ್ಡ ಪಟ್ಟಿ ಮಾತ್ರ ಆಗಲೂ ಉಳಿದು, ಅದರಲ್ಲಿ ಹಣ ಕೊಟ್ಟವರ ಪ್ರಚಾರ ಬರುತ್ತದೆ. ಹಲವರಿಗೆ ಇಷ್ಟೇ ಸಾಕಾಗುತ್ತದೆ. ಜತೆಗೆ ‘ಪ್ರೈವಸಿ’ ವಿಭಾಗದಲ್ಲಿ ‘ಆ್ಯಡ್ಸ್’ ತೆರೆದು ಜಾಹೀರಾತು ಗುರುತಿನ ಸಂಖ್ಯೆಯನ್ನು ಅಳಿಸಿ.

ಆ ಪಟ್ಟಿಯೂ ಬೇಡವೆಂದರೆ ಲಾಂಚರನ್ನೇ ಬದಲಿಸಬೇಕು. ಲಾಂಚರ್ ಎಂದರೆ ಹೋಮ್ ಗುಂಡಿ ಒತ್ತಿದಾಗ ತೆರೆಯುವ ಆ್ಯಪ್, ಅಷ್ಟೆ. ಪ್ಲೇ ಸ್ಟೋರ್‌ನಲ್ಲೇ ಸಿಗುವ ಪ್ರೊಜೆಕ್ಟಿವಿ ಲಾಂಚರ್ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ಉಚಿತ ಆವೃತ್ತಿಯೇ ಸಾಕು. ಹಾಕಿ ತೆರೆದ ಮೇಲೆ ಅದರ ಸೆಟ್ಟಿಂಗ್ಸ್‌ನ ‘ಜನರಲ್’ ಭಾಗದಲ್ಲಿ ‘ಓವರ್‌ರೈಡ್ ಕರೆಂಟ್ ಲಾಂಚರ್’ ಆನ್ ಮಾಡಿ. ಆಗ ‘ಆ್ಯಕ್ಸೆಸಿಬಿಲಿಟಿ’ ಅನುಮತಿ ಕೇಳುತ್ತದೆ, ಕೊಡಿ. ಹೋಮ್ ಗುಂಡಿ ಒತ್ತಿದ್ದು ಅದಕ್ಕೆ ತಿಳಿಯುವುದು ಈ ಅನುಮತಿಯಿಂದಲೇ. ಇದೇ ಕಾರಣಕ್ಕೆ ಗೊತ್ತುಗುರಿಯಿಲ್ಲದ ಆ್ಯಪ್‌ಗಳಿಗೆ ಈ ಅನುಮತಿ ಯಾವತ್ತೂ ಕೊಡಬಾರದು. ನಂತರ ಯೂಟ್ಯೂಬ್, ಪ್ರೈಮ್, ಸನ್ ನೆಕ್ಸ್ಟ್, ಜೀ5 ಎಂದು ಮನೆಗೆ ಬೇಕಾದ ಆರೇಳು ಆ್ಯಪ್‌ಗಳನ್ನು ಒಂದು ಸಾಲಿಗೆ ತಂದು ಉಳಿದದ್ದನ್ನು ಮರೆಮಾಡಿ. ಅಜ್ಜಿಗೂ ಒಂದೇ ದಿನದಲ್ಲಿ ರೂಢಿಯಾಗುವಷ್ಟು ಸರಳ ಪರದೆ ಸಿಗುತ್ತದೆ. ಇದಕ್ಕೆಂದೇ ಭಾಷೆಯನ್ನು ಕನ್ನಡಕ್ಕೆ ಬದಲಿಸುವವರು ಎಲ್ಲ ಸೆಟ್ಟಿಂಗ್ಸ್ ಮುಗಿದ ಮೇಲೆ ಬದಲಿಸಿ. ಮೊದಲೇ ಬದಲಿಸಿದರೆ ಇಲ್ಲಿ ಹೇಳಿದ ಹೆಸರುಗಳು ಮೆನುವಿನಲ್ಲಿ ಸಿಗುವುದಿಲ್ಲ.

ಎಲ್ಲಿ ತಪ್ಪುತ್ತದೆ? ಸ್ಟಿಕ್ ರೀಸ್ಟಾರ್ಟ್ ಆದಾಗ ಹಳೆಯ ಹೋಮ್ ಸ್ಕ್ರೀನ್ ಕ್ಷಣಕಾಲ ಇಣುಕಿ ಹೋಗುತ್ತದೆ, ಅದು ದೋಷವಲ್ಲ. ದೊಡ್ಡ ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ಅನುಮತಿ ಕಳಚಿ ಹಳೆಯ ಪರದೆಯೇ ಬರುತ್ತದೆ, ಮತ್ತೆ ಆನ್ ಮಾಡಬೇಕು. ರ‍್ಯಾಮ್ ಕಡಿಮೆಯಿದ್ದರೆ ಹಿನ್ನೆಲೆಯಲ್ಲಿ ಓಡುವ ಲಾಂಚರ್‌ನ ಸೇವೆಯನ್ನು ವ್ಯವಸ್ಥೆಯೇ ಕೊಂದುಹಾಕುತ್ತದೆ. 2 ಜಿಬಿ ಇರಲಿ ಎಂದದ್ದು ಇದಕ್ಕೇ.

ಜಾಹೀರಾತಿಲ್ಲದ ಯೂಟ್ಯೂಬ್ ಎಂದು ಹೇಳಿಕೊಳ್ಳುವ ಹೊರಗಿನ ಆ್ಯಪ್‌ಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಹೆಸರುವಾಸಿಯಾದ ಸ್ಮಾರ್ಟ್‌ಟ್ಯೂಬ್‌ನ ಡಿಜಿಟಲ್ ಸಹಿಯ ಕೀಲಿ 2025ರ ಕೊನೆಯಲ್ಲಿ ಕಳುವಾಗಿ, ಆ್ಯಪ್‌ನ ಆವೃತ್ತಿಗಳಲ್ಲಿ ಸಂಶಯಾಸ್ಪದ ಕೋಡ್ ಸೇರಿತ್ತು. ಒಳ್ಳೆಯ ಉದ್ದೇಶದ, ಎಲ್ಲರೂ ಮೆಚ್ಚಿದ ಯೋಜನೆಗೇ ಹೀಗಾಯಿತು. ನಿಮ್ಮ ಗೂಗಲ್ ಖಾತೆಯಿಂದಲೇ ಲಾಗಿನ್ ಆಗುವ ಆ್ಯಪ್ ಎಂಬುದನ್ನು ನೆನಪಿಟ್ಟು ನಿರ್ಧರಿಸಿ.

ಟಿವಿಯನ್ನು ಇಂಟರ್‌ನೆಟ್‌ನಿಂದ ಬಿಡಿಸಿ

ಇಷ್ಟೆಲ್ಲ ಮಾಡಿ ಸ್ಟಿಕ್ ಪಳಗಿಸಿದರೂ ಸ್ಮಾರ್ಟ್ ಟಿವಿಯೇ ವೈಫೈನಲ್ಲಿ ಉಳಿದರೆ ಮೊದಲ ಬಾಗಿಲು ತೆರೆದೇ ಇರುತ್ತದೆ. ಇನ್‌ಪುಟ್ ಬದಲಿಸುವಾಗ ಪ್ರಚಾರ, ಸುಮ್ಮನಿದ್ದಾಗ ಸ್ಕ್ರೀನ್ ಸೇವರ್ ಜಾಹೀರಾತು. ಅದಕ್ಕಿಂತ ಮುಖ್ಯವಾದದ್ದು ಎಸಿಆರ್ ಎಂಬ ಗುರುತಿಸುವ ತಂತ್ರ. ಪರದೆಯ ಮೇಲೆ ಓಡುತ್ತಿರುವ ಚಿತ್ರದ ಸಣ್ಣ ಗುರುತುಗಳನ್ನು ಸೆಕೆಂಡಿಗೆ ಹಲವು ಬಾರಿ ತೆಗೆದು, ಕಂಪನಿಯ ಸರ್ವರ್‌ಗೆ ಕಳಿಸಿ, ನೀವು ಏನು ನೋಡುತ್ತಿದ್ದೀರಿ ಎಂದು ಅದು ಪತ್ತೆ ಹಚ್ಚುತ್ತದೆ. ಎಚ್‌ಡಿಎಂಐ ಮೂಲಕ ಬೇರೆ ಸಾಧನ ಜೋಡಿಸಿ ನೋಡುವಾಗಲೂ ಈ ಕೆಲಸ ನಡೆಯುತ್ತದೆ ಎಂದು 2024ರಲ್ಲಿ ಪ್ರಕಟವಾದ ಸಂಶೋಧನೆ ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಟಿವಿಗಳನ್ನು ಪರೀಕ್ಷಿಸಿ ತೋರಿಸಿತು. ಸೆಟ್ಟಿಂಗ್ಸ್‌ನಲ್ಲಿ ಒಪ್ಪಿಗೆ ಹಿಂತೆಗೆದರೆ ನಿಲ್ಲುತ್ತದೆ ಎಂದೂ ಅದೇ ಕಂಡುಕೊಂಡಿತು. ಒಪ್ಪಿಗೆ ಕೇಳದೆ ಇದನ್ನು ನಡೆಸಿದ್ದಕ್ಕೆ ವಿಝಿಯೊ 2017ರಲ್ಲಿ ಅಮೆರಿಕದಲ್ಲಿ 22 ಲಕ್ಷ ಡಾಲರ್ ಕಟ್ಟಿತ್ತು.

ಆದ್ದರಿಂದ ಎಲ್‌ಜಿಯಲ್ಲಿ ‘ಲೈವ್ ಪ್ಲಸ್’, ಸ್ಯಾಮ್‌ಸಂಗ್‌ನಲ್ಲಿ ‘ವ್ಯೂಯಿಂಗ್ ಇನ್‌ಫರ್ಮೇಷನ್ ಸರ್ವಿಸಸ್’ ಎಂಬುದನ್ನು ಹುಡುಕಿ ಆರಿಸಿ. ಬಳಿಕ ನೆಟ್‌ವರ್ಕ್ ಮೆನುವಿನಲ್ಲಿ ಮನೆಯ ವೈಫೈಯನ್ನು ‘ಫರ್ಗೆಟ್’ ಮಾಡಿ. ಹೊಸ ಟಿವಿಯಾದರೆ ಮೊದಲ ಸೆಟಪ್‌ನಲ್ಲೇ ನೆಟ್‌ವರ್ಕ್ ಹಂತವನ್ನು ಬಿಟ್ಟು ಮುಂದೆ ಹೋಗಿ. ಗೂಗಲ್ ಟಿವಿ ಇರುವ ಟಿವಿಗಳಲ್ಲಿ ‘ಬೇಸಿಕ್ ಟಿವಿ’ ಎಂಬ ಆಯ್ಕೆಯೇ ಇರುತ್ತದೆ. ಟಿವಿಯ ತಂತ್ರಾಂಶದ ಅಪ್‌ಡೇಟ್ ಬೇಕೆನಿಸಿದರೆ ಪೆನ್‌ಡ್ರೈವ್‌ನಿಂದ ಮಾಡಬಹುದು. ಕೊನೆಗೆ ಎಚ್‌ಡಿಎಂಐ ಸಿಇಸಿ ಆನ್ ಮಾಡಿ. ಎಲ್‌ಜಿ ಇದನ್ನು ಸಿಂಪ್‌ಲಿಂಕ್ ಎನ್ನುತ್ತದೆ, ಸ್ಯಾಮ್‌ಸಂಗ್ ಎನಿನೆಟ್ ಪ್ಲಸ್, ಸೋನಿ ಬ್ರಾವಿಯಾ ಸಿಂಕ್. ಸ್ಟಿಕ್‌ನ ರಿಮೋಟ್ ಒತ್ತಿದರೆ ಟಿವಿ ಎದ್ದು ನೇರ ಸ್ಟಿಕ್‌ಗೇ ಬರುತ್ತದೆ, ಟಿವಿಯ ಹೋಮ್ ಸ್ಕ್ರೀನ್ ಕಣ್ಣಿಗೇ ಬೀಳುವುದಿಲ್ಲ.

ಭಾರತದಲ್ಲಿ ಇನ್ನೊಂದು ಬದಲಾವಣೆ ಗಮನಿಸುವಂಥದ್ದು. ಆಂಡ್ರಾಯ್ಡ್ ಟಿವಿಗಳಲ್ಲಿ ಪ್ಲೇ ಸ್ಟೋರ್ ಬೇಕೆಂದರೆ ಇಡೀ ವ್ಯವಸ್ಥೆಯನ್ನೇ ತೆಗೆದುಕೊಳ್ಳಬೇಕೆಂಬ ಗೂಗಲ್‌ನ ಷರತ್ತಿನ ಬಗ್ಗೆ ಸ್ಪರ್ಧಾ ಆಯೋಗದ ಮುಂದಿದ್ದ ಪ್ರಕರಣ 2025ರ ಏಪ್ರಿಲ್‌ನಲ್ಲಿ ಇತ್ಯರ್ಥವಾಯಿತು. ಗೂಗಲ್ 20.24 ಕೋಟಿ ರೂಪಾಯಿ ಕಟ್ಟಿ, ಪ್ಲೇ ಸ್ಟೋರ್ ಮತ್ತು ಪ್ಲೇ ಸರ್ವಿಸಸ್‌ಗೆ ಪ್ರತ್ಯೇಕ ಪರವಾನಗಿ ಕೊಡಲು ಒಪ್ಪಿತು. ಟಿವಿ ತಯಾರಕರು ತಮ್ಮದೇ ಹೋಮ್ ಸ್ಕ್ರೀನ್ ಮಾಡಲು ಇದು ಅವಕಾಶ. ಆದರೆ ಆ ಜಾಗದಲ್ಲಿ ಅವರ ಸ್ವಂತ ಜಾಹೀರಾತು ಬರುವ ಸಾಧ್ಯತೆಯೇ ಹೆಚ್ಚು. ನೋಡುಗರಿಗೆ ಲಾಭವಾಗಬೇಕಾದರೆ ಹೋಮ್ ಸ್ಕ್ರೀನ್ ಆಯ್ದುಕೊಳ್ಳುವ ಹಕ್ಕು ತಯಾರಕರಿಗೆ ಮಾತ್ರವಲ್ಲ, ಟಿವಿ ಕೊಂಡವರಿಗೂ ಸಿಗಬೇಕಿತ್ತು.

ಡಿಎನ್‌ಎಸ್ ತಡೆ ಎಷ್ಟು ಕೆಲಸ ಮಾಡುತ್ತದೆ

ರೌಟರ್‌ನಲ್ಲಿ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ಅದರ ಇಂಟರ್‌ನೆಟ್ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿದರೆ ಮನೆಯ ಎಲ್ಲ ಜಾಹೀರಾತೂ ಹೋಗುತ್ತದೆ ಎಂಬ ಮಾತು ಅರ್ಧ ಸತ್ಯ. ಆ್ಯಡ್‌ಗಾರ್ಡ್‌ನ ಉಚಿತ ಡಿಎನ್‌ಎಸ್ ವಿಳಾಸ 94.140.14.14 ಮತ್ತು 94.140.15.15. ಇವನ್ನು ರೌಟರ್‌ನಲ್ಲಿ ಹಾಕಿದರೆ ಜಾಹೀರಾತಿಗೆಂದೇ ಇರುವ ವಿಳಾಸಗಳು ತೆರೆಯುವುದಿಲ್ಲ. ಟಿವಿ ಕಂಪನಿಗಳ ಬೇಹುಗಾರಿಕೆಯ ವಿಳಾಸಗಳಲ್ಲೂ ಹಲವು ಮುಚ್ಚುತ್ತವೆ. ಆದರೆ ಯೂಟ್ಯೂಬ್ ತನ್ನ ಜಾಹೀರಾತನ್ನೂ ವಿಡಿಯೊವನ್ನೂ ಒಂದೇ ಬಗೆಯ ಸರ್ವರ್‌ಗಳಿಂದ ಕಳಿಸುತ್ತದೆ. ಒಂದನ್ನು ತಡೆದರೆ ಇನ್ನೊಂದೂ ನಿಲ್ಲುತ್ತದೆ. ಕ್ರೋಮ್‌ಕಾಸ್ಟ್‌ನಂಥ ಸಾಧನಗಳು ರೌಟರ್ ಹೇಳಿದ ಡಿಎನ್‌ಎಸ್ ಬಿಟ್ಟು ಗೂಗಲ್‌ನ 8.8.8.8ಗೇ ಹೋಗುತ್ತವೆ. ಯಾವುದೋ ಒಟಿಟಿ ಆ್ಯಪ್ ಇದ್ದಕ್ಕಿದ್ದಂತೆ ತೆರೆಯದೆ ಹೋದರೆ ಮೊದಲು ಅನುಮಾನಿಸಬೇಕಾದ್ದೂ ಈ ತಡೆಯನ್ನೇ.

ಸ್ವಂತ ಸಂಗ್ರಹ ಇರುವವರಿಗೆ

ಹಾರ್ಡ್‌ಡಿಸ್ಕ್ ತುಂಬ ಮದುವೆ ವಿಡಿಯೊ, ಹಳೆಯ ಡಿವಿಡಿಗಳ ಪ್ರತಿ, ಸಂಗೀತ ಇರುವವರಿಗೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಮತ್ತು ಲಿಬ್ರೆಎಲೆಕ್ ಜೋಡಿ ಪೂರ್ತಿ ಜಾಹೀರಾತಿಲ್ಲದ ಉತ್ತರ. ಲಿಬ್ರೆಎಲೆಕ್ ಎಂದರೆ ಕೋಡಿ ಪ್ಲೇಯರ್ ಓಡಿಸಲೆಂದೇ ಮಾಡಿದ ಪುಟ್ಟ ಲಿನಕ್ಸ್. ಬೇಕಾದ ಸಾಮಾನು: 2 ಜಿಬಿಯ ಪೈ 4, 5.1 ವೋಲ್ಟ್ 3 ಆ್ಯಂಪ್‌ನ ಅದರದೇ ಅಡಾಪ್ಟರ್, 16 ಜಿಬಿ ಮೈಕ್ರೊ ಎಸ್‌ಡಿ ಕಾರ್ಡ್, ಮೈಕ್ರೊ ಎಚ್‌ಡಿಎಂಐನಿಂದ ಎಚ್‌ಡಿಎಂಐ ಕೇಬಲ್, ಶಾಖ ಹೀರುವ ಲೋಹದ ಕೇಸ್. ಕೇಬಲನ್ನು ಪವರ್ ಪೋರ್ಟ್‌ಗೆ ಹತ್ತಿರದ ಎಚ್‌ಡಿಎಂಐಗೇ ಹಾಕಿ, ಟಿವಿ ರಿಮೋಟ್‌ನಿಂದಲೇ ಕೋಡಿ ನಡೆಯುತ್ತದೆ. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಕಂಡರೆ ವಿದ್ಯುತ್ ಸಾಲುತ್ತಿಲ್ಲ ಎಂದರ್ಥ. ಫೋನಿನ ಹಳೆಯ ಚಾರ್ಜರ್ ಹಾಕಿದವರಿಗೆ ಇದು ಕಾಣುತ್ತದೆ.

ಪೈ 5 ಹೊಸದು, ವೇಗದ್ದು. ಆದರೂ ಈ ಕೆಲಸಕ್ಕೆ ಅದೇ ಮೇಲು ಎನ್ನುವಂತಿಲ್ಲ. ಎಚ್.264 ಬಗೆಯ ವಿಡಿಯೊ ಬಿಡಿಸುವ ಪ್ರತ್ಯೇಕ ಯಂತ್ರಾಂಶವನ್ನು ಅದರಿಂದ ತೆಗೆದಿದ್ದಾರೆ, ಆ ಕೆಲಸ ಪ್ರೊಸೆಸರ್ ಮೇಲೆ ಬೀಳುತ್ತದೆ. ಎರಡು ಪೈಗಳಿಗೂ ಒಂದು ದೊಡ್ಡ ಮಿತಿ ಇದೆ. ನಕಲು ತಡೆಯಲು ಒಟಿಟಿಗಳು ಕೇಳುವ ವೈಡ್‌ವೈನ್ ಎಲ್1 ಮಟ್ಟದ ಭದ್ರತೆ ಇವುಗಳಲ್ಲಿಲ್ಲ, ಹಾಗಾಗಿ ನೆಟ್‌ಫ್ಲಿಕ್ಸ್, ಪ್ರೈಮ್ ಸಿಕ್ಕರೂ ಕಡಿಮೆ ಸ್ಪಷ್ಟತೆಯಲ್ಲಿ ಸಿಗುತ್ತವೆ. ಒಟಿಟಿಗೆ ಸ್ಟಿಕ್, ಸಂಗ್ರಹಕ್ಕೆ ಪೈ ಎಂದು ಎರಡನ್ನೂ ಇಡುವವರಿಗೆ ಮಾತ್ರ ಇದು ಹೊಂದುತ್ತದೆ. ಇಲ್ಲದಿದ್ದರೆ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಸ್ವಂತ ವಿಡಿಯೊಗಳನ್ನು ಟಿವಿಗೆ ಕಳಿಸುವ ಜೆಲ್ಲಿಫಿನ್ ಸರ್ವರ್ ಹಾಕಿ, ಅದರ ಆ್ಯಪನ್ನು ಸ್ಟಿಕ್‌ನಲ್ಲಿ ಹಾಕುವುದು ಹೆಚ್ಚು ಅಗ್ಗ.

ಸಿಕ್ಕಿಸುವ ರೀತಿ, ಮೊದಲ ವಾರದ ಪರೀಕ್ಷೆ

ಸ್ಟಿಕ್‌ಗಳ ಬಗ್ಗೆ ಬರುವ ದೂರುಗಳಲ್ಲಿ ಹಲವಕ್ಕೆ ಕಾರಣ ವಿದ್ಯುತ್. ಪೆಟ್ಟಿಗೆಯಲ್ಲಿ ಅಡಾಪ್ಟರ್ ಇದ್ದರೂ ವೈರ್ ಕಾಣಬಾರದೆಂದು ಟಿವಿಯ ಹಿಂದಿನ ಯುಎಸ್‌ಬಿಗೆ ಸಿಕ್ಕಿಸುತ್ತಾರೆ. ಯುಎಸ್‌ಬಿ 2.0 ಪೋರ್ಟ್ ನಿಯಮದಂತೆ ಕೊಡುವುದು ಅರ್ಧ ಆ್ಯಂಪ್, ಅಂದರೆ ಎರಡೂವರೆ ವಾಟ್. ಮೆನು ನೋಡುವಾಗ ಅಷ್ಟು ಸಾಕು. 4ಕೆ ವಿಡಿಯೊ ಹತ್ತು ನಿಮಿಷ ಓಡಿ ವೈಫೈಯೂ ಪೂರ್ತಿ ದುಡಿಯುವಾಗ ಸಾಲದೆ ಸ್ಟಿಕ್ ರೀಸ್ಟಾರ್ಟ್ ಆಗುತ್ತದೆ. ಜತೆಗೆ ಕೊಟ್ಟ ಎಚ್‌ಡಿಎಂಐ ಎಕ್ಸ್‌ಟೆಂಡರ್ ತುಂಡನ್ನೂ ಬಳಸಿ. ಸ್ಟಿಕ್ ಟಿವಿಯ ಲೋಹದ ಬೆನ್ನಿಗೆ ಅಂಟಿಕೊಳ್ಳದೆ ಗಾಳಿಯಲ್ಲಿ ತೂಗುವಂತಾದರೆ ಬಿಸಿಯೂ ಕಡಿಮೆ, ವೈಫೈ ಸಂಕೇತವೂ ಗಟ್ಟಿ. 5 ಗಿಗಾಹರ್ಟ್ಸ್ ವೈಫೈಗೇ ಜೋಡಿಸಿ. ನೆಟ್‌ಫ್ಲಿಕ್ಸ್ 4ಕೆಗೆ 15 ಎಂಬಿಪಿಎಸ್, ಪೂರ್ಣ ಎಚ್‌ಡಿಗೆ 5 ಎಂಬಿಪಿಎಸ್ ಸಾಕೆನ್ನುತ್ತದೆ.

ಅಂಗಡಿಗೆ ಹಿಂದಿರುಗಿಸಲು ಏಳೆಂಟು ದಿನ ಇರುವಾಗಲೇ ಕೆಲವನ್ನು ನೋಡಿಬಿಡಬೇಕು. ಪ್ಲೇ ಸ್ಟೋರ್‌ನಲ್ಲಿ ಸಿಗುವ ‘ಡಿಆರ್‌ಎಂ ಇನ್‌ಫೊ’ ಆ್ಯಪ್ ಹಾಕಿ ವೈಡ್‌ವೈನ್ ಮುಂದೆ ‘ಎಲ್1’ ಎಂದಿದೆಯೇ ನೋಡಿ. ‘ಎಲ್3’ ಎಂದಿದ್ದರೆ ಮರುಮಾತಿಲ್ಲದೆ ವಾಪಸ್ ಕೊಡಿ, ಪೆಟ್ಟಿಗೆಯ ಮೇಲೆ 4ಕೆ ಎಂದು ಬರೆದಿದ್ದರೂ ಒಟಿಟಿ ಮಸುಕಾಗಿಯೇ ಬರುತ್ತದೆ. ನೆಟ್‌ಫ್ಲಿಕ್ಸ್‌ನಲ್ಲಿ ‘ಟೆಸ್ಟ್ ಪ್ಯಾಟರ್ನ್ಸ್’ ಎಂದು ಹುಡುಕಿದರೆ ಎಷ್ಟು ಸ್ಪಷ್ಟತೆ ಬರುತ್ತಿದೆ ಎಂದು ಪರದೆಯಲ್ಲೇ ಅಂಕಿ ಕಾಣುತ್ತದೆ.

ಕೊನೆಯದಾಗಿ ಕಣ್ಣಿನ ಪರೀಕ್ಷೆ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳದು, ನಮ್ಮ ಟಿವಿ ವಾಹಿನಿಗಳ ಧಾರಾವಾಹಿ 25ರದು. ಸ್ಟಿಕ್ ಮಾತ್ರ 60ರ ಲೆಕ್ಕದಲ್ಲಿ ಕಳಿಸುತ್ತದೆ. 25 ಚಿತ್ರಗಳನ್ನು 60 ಜಾಗಕ್ಕೆ ಹಂಚಿದರೆ ಕೆಲವು ಚಿತ್ರ ಎರಡು ಬಾರಿ, ಕೆಲವು ಮೂರು ಬಾರಿ ನಿಲ್ಲುತ್ತವೆ. ಕ್ಯಾಮೆರಾ ಮನೆಯಂಗಳದ ಉದ್ದಕ್ಕೂ ನಿಧಾನ ತಿರುಗುವ ದೃಶ್ಯ ಹಾಕಿ ಕಂಬಗಳ ಅಂಚು ನೋಡಿ, ನುಣ್ಣಗೆ ಜಾರದೆ ಕುಂಟುತ್ತ ಸಾಗುತ್ತವೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾಚ್ ಕಂಟೆಂಟ್ ಫ್ರೇಮ್ ರೇಟ್’ ಆನ್ ಮಾಡಿ ಅದೇ ದೃಶ್ಯ ಮತ್ತೆ ಹಾಕಿ. ವಿಡಿಯೊ ಶುರುವಾಗುವಾಗ ಪರದೆ ಒಂದು ಕ್ಷಣ ಕಪ್ಪಾದರೆ ಟಿವಿ ತನ್ನ ಲೆಕ್ಕ ಬದಲಿಸಿಕೊಂಡಿತು ಎಂದರ್ಥ. ಕಪ್ಪಾಗದೆ, ಕಂಬಗಳೂ ಮೊದಲಿನಂತೆಯೇ ಕುಂಟಿದರೆ ಆ ಆ್ಯಪ್ ಇಲ್ಲವೇ ಟಿವಿ ಇದಕ್ಕೆ ಹೊಂದುತ್ತಿಲ್ಲ. ಇನ್ನೊಂದು ಆ್ಯಪ್‌ನಲ್ಲೂ ನೋಡಿ, ಅಲ್ಲೂ ಹಾಗೇ ಇದ್ದರೆ ಬಿಲ್ ಹಿಡಿದು ಬೇರೆ ಮಾದರಿ ಕೇಳಲು ಇನ್ನೂ ಸಮಯವಿರುತ್ತದೆ.